ಗೀರು ಬಿದ್ದ ಮೋಟಾರು ಸೈಕಲ್ಲು

ಕಳೆದ ಪುಷ್ಯ ಮಾಸದ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ಕೇಳಲೋ ಬೇಡವೋ ಎಂಬ ಮುಖದಿಂದ ಒಂದು ಪ್ರಶ್ನೆಯನ್ನು ಕೇಳಿದನು. ಪಾಂಡವಪುರದ ಕಡೆಯ ಹಳ್ಳಿಯ ಹುಡುಗ. ತಂದೆ ಕಬ್ಬು ಬೆಳೆಯುವವರು. ಕೆ.ಆರ್. ಪೇಟೆಯ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರೊಂದು ತೀರ ಪಕ್ಕದಲ್ಲಿ ಹಾಯ್ದು ಅವನ ಕಪ್ಪು ಮೋಟಾರು ಸೈಕಲ್ಲಿನ ಮೈಯನ್ನು ಉದ್ದಕ್ಕೂ ಗೀಚಿಕೊಂಡು ಹೋಗಿತ್ತು. ಮನೆಯವರ ಕಣ್ಣಿಗೆ ಬೀಳದಿರಲೆಂದು ಅವನು ರಾತ್ರಿ ಗೀರಿನ ಮೇಲೆ ಕೊಬ್ಬರಿ ಎಣ್ಣೆಯನ್ನು ಸವರಿದನಂತೆ. ಗೀರು ಮಾಯವಾಯಿತು. ಬೆಳಗಾಗೆದ್ದು ನೋಡಿದರೆ ಮೊದಲಿಗಿಂತಲೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಹನ್ನೊಂದು ಗಂಟೆಗೆ ಕಾಲೇಜಿನ ಅಂಗಳದ ಬಿಸಿಲಿನಲ್ಲಿ ಮತ್ತೆ ಮಾಯ! “ಸಾರ್, ಗೀರು ಅದೆಯೋ ಹೋಯ್ತೋ ಒಂದೂ ಗೊತ್ತಾಯ್ತಿಲ್ಲ” ಎಂದನು.

ನಮಗೆ ಬಂದ ಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ಅಪರೂಪ. ಆದರೆ ಹುಡುಗನ ಚಿಂತೆ ಭೌತವಿಜ್ಞಾನದ್ದಲ್ಲ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಪಕ್ಕದ ಪ್ಯಾನೆಲ್ ಬದಲಿಸಿ ಪೆಟ್ರೋಲ್ ಟ್ಯಾಂಕಿಗೆ ಪೂರ್ತಿಯಾಗಿ ಬಣ್ಣ ಹೊಡೆಯಬೇಕು, 6,500 ರೂಪಾಯಿ ಆಗುತ್ತದೆ ಎಂದಿದ್ದರು. ಕಬ್ಬಿನ ಹಣ ಇನ್ನೂ ಅವನ ತಂದೆಯ ಕೈಸೇರಿರಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೆ: ಇಂಥ ಗೀರುಗಳಲ್ಲಿ ಬಹುಪಾಲಿಗೆ ಹಣ ಬೇಕಿಲ್ಲ, ಕೆಲವಕ್ಕೆ ಸ್ವಲ್ಪ ಹಣ, ಬಹಳ ತಾಳ್ಮೆ ಸಾಕು, ಒಂದು ಬಗೆಯದಕ್ಕೆ ಮಾತ್ರ ಬಲ್ಲವರ ಕೈಯೇ ಆಗಬೇಕು. ಯಾವುದು ಯಾವುದೆಂದು ತಿಳಿಯುವಷ್ಟು ವಿಜ್ಞಾನವನ್ನು ನಮ್ಮ ವಿದ್ಯಾರ್ಥಿಗಳು ಆಗಲೇ ಓದಿದ್ದಾರೆ. ಓದಿದ್ದನ್ನು ಅವರು ವಾಹನದ ಬಳಿಗೆ ಕೊಂಡೊಯ್ಯದಿರುವುದಕ್ಕೆ ಪಾಠ ಹೇಳುವ ನಮ್ಮಂಥವರೂ ಕಾರಣರೆಂದು ಒಪ್ಪಿಕೊಳ್ಳುತ್ತೇವೆ.

ಮೊದಲು ಎಣ್ಣೆಯ ಸೋಜಿಗವನ್ನು ನೋಡೋಣ. ಈಗಿನ ಮೋಟಾರು ಸೈಕಲ್ಲಿನ ಬಣ್ಣದ ಮೇಲೆ ಸಾಮಾನ್ಯವಾಗಿ ಒಂದು ಪಾರದರ್ಶಕ ಲೇಪವಿರುತ್ತದೆ. ಪೇಂಟರುಗಳು ಇದನ್ನು ಲ್ಯಾಕರ್ ಎನ್ನುತ್ತಾರೆ. ಅದರ ವಕ್ರೀಭವನಾಂಕ ಸುಮಾರು 1.5, ಗಾಳಿಯದು 1. ಎರಡು ಮಾಧ್ಯಮಗಳ ಅಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಎಷ್ಟು ಭಾಗ ಹಿಂದಕ್ಕೆ ಬರುವುದೆಂದು ತಿಳಿಯುತ್ತದೆ. ಇಲ್ಲಿ ಅದು ನೂರಕ್ಕೆ 4. ಮೇಲ್ಮೈ ಸಮತಲವಾಗಿರುವಾಗ ಈ ನಾಲ್ಕು ಭಾಗವೂ ಒಂದೇ ದಿಕ್ಕಿಗೆ ಹೋಗುವುದರಿಂದ ನಮಗೆ ಹೊಳಪು ಕಾಣುತ್ತದೆ. ಗೀರಿನ ಗೋಡೆಗಳಾದರೋ ನಾನಾ ಕೋನಗಳಲ್ಲಿರುತ್ತವೆ. ಅವು ಬೆಳಕನ್ನು ಎಲ್ಲ ಕಡೆಗೂ ಚದರಿಸುತ್ತವೆ. ಕಪ್ಪು ವಾಹನದಲ್ಲಿ ಒಳಹೊಕ್ಕ ಬೆಳಕನ್ನು ವರ್ಣದ್ರವ್ಯ ನುಂಗಿಬಿಡುವುದರಿಂದ, ಚದರಿದ ಈ ಬೆಳಕೊಂದೇ ಕಣ್ಣಿಗೆ ಉಳಿಯುತ್ತದೆ. ಕಪ್ಪು ಬೈಕಿನ ಮೇಲೆ ಗೀರು ಬಿಳಿಯದಾಗಿ ಕಾಣುವುದೂ, ಬಿಳಿಯ ಬೈಕಿನ ಮೇಲೆ ಅದೇ ಗೀರು ಅಡಗುವುದೂ ಇದರಿಂದಲೇ. ಕಪ್ಪನ್ನು ಮೆಚ್ಚಿ ಕೊಳ್ಳುವ ತರುಣರು ಇದನ್ನು ಮೊದಲೇ ತಿಳಿದಿದ್ದರೆ ಲೇಸು!

ಈಗ ಗೀರಿನಲ್ಲಿ ಗಾಳಿಯ ಬದಲು ನೀರು ತುಂಬಿದೆಯೆನ್ನಿ. ನೀರಿನ ಅಂಕ 1.33. ಲೆಕ್ಕ ಹಾಕಿದರೆ ಗೀರಿನ ಗೋಡೆಯಿಂದ ಹಿಂದಿರುಗುವ ಬೆಳಕು ನೂರಕ್ಕೆ 0.36ಕ್ಕೆ, ಎಂದರೆ ಮೊದಲಿನ ಹನ್ನೊಂದನೆಯ ಒಂದು ಪಾಲಿಗೆ ಇಳಿಯುತ್ತದೆ. ತೊಳೆದ ಬೈಕು ಒದ್ದೆಯಾಗಿರುವಾಗ ಹೊಸದರಂತೆ ಕಂಡು, ಒಣಗಿದೊಡನೆ ಹಳೆಯದಾಗುವ ಗುಟ್ಟು ಇದೇ. ಕೊಬ್ಬರಿ ಎಣ್ಣೆಯ ಅಂಕ ಸುಮಾರು 1.45, ಅಲ್ಲಿ ಹಿಂದಿರುಗುವುದು ನೂರಕ್ಕೆ 0.03 ಮಾತ್ರ. ಬೆಳಕಿನ ಪಾಲಿಗೆ ಗೀರೇ ಇಲ್ಲ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುವ ವಸ್ತು. ಪುಷ್ಯದ ಚಳಿಯಲ್ಲಿ ಸೀಸೆಯಲ್ಲಿದ್ದ ಎಣ್ಣೆ ಬೆಣ್ಣೆಯಂತಾಗುವುದನ್ನು ಯಾರು ನೋಡಿಲ್ಲ? ಹೆಪ್ಪುಗಟ್ಟಿದಾಗ ಅದು ಸಣ್ಣ ಸಣ್ಣ ಹರಳುಗಳ ರಾಶಿಯಾಗಿ ಬೆಳಕನ್ನು ಚದರಿಸುತ್ತದೆ. ಆದುದರಿಂದ ಬೆಳಿಗ್ಗೆ ಗೀರಿನ ತುಂಬ ಬಿಳಿಯ ಬತ್ತಿ. ಬಿಸಿಲೇರಿದ ಮೇಲೆ ಎಣ್ಣೆ ಕರಗಿ ಮತ್ತೆ ಮಾಯ. ಹುಡುಗನ ಮೂರು ವೀಕ್ಷಣೆಗಳೂ ಸರಿಯಾಗಿದ್ದವು. ಗೀರು ಮಾತ್ರ ಕದಲಿರಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಗೀರನ್ನು ಮಾಯಮಾಡುವುದೆಂದು ಅಂಗಡಿಗಳಲ್ಲಿ ಮಾರುವ ಮೇಣ, ಪಾಲಿಶುಗಳಲ್ಲಿ ಎಷ್ಟೋ ಈ ಕೊಬ್ಬರಿ ಎಣ್ಣೆಯ ಕೆಲಸವನ್ನೇ ಇನ್ನಷ್ಟು ನಾಜೂಕಾಗಿ ಮಾಡುತ್ತವೆ. ಗೀರನ್ನು ತುಂಬುತ್ತವೆ, ಕೆಲವು ವಾರ ಅಡಗಿಸುತ್ತವೆ. ಅದರಿಂದ ಹಾನಿಯಿಲ್ಲ, ಹಬ್ಬಕ್ಕೆ ಊರಿಗೆ ಹೋಗುವಾಗ ಬೇಕಾದರೆ ಹಚ್ಚಿಕೊಳ್ಳಲಿ. ಆದರೆ ಅದನ್ನು ರಿಪೇರಿ ಎಂದು ಕರೆಯಬಾರದು. ಹಳೆಯ ಬೈಕನ್ನು ಕೊಳ್ಳುವವರು ಸೋಪಿನ ನೀರಿನಿಂದ ತೊಳೆಸಿ, ಒಣಗಿಸಿ, ಬಿಸಿಲಿನಲ್ಲಿ ನೋಡುವುದು ಒಳ್ಳೆಯದು.

ಹಾಗಾದರೆ ನಿಜವಾದ ರಿಪೇರಿ ಯಾವುದು? ಅದಕ್ಕೆ ಗೀರಿನ ಆಳ ತಿಳಿಯಬೇಕು. ಕಾರ್ಖಾನೆಯಲ್ಲಿ ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟಿನ ಸಂಸ್ಕಾರ, ಅದರ ಮೇಲೆ ತುಕ್ಕು ತಡೆಯುವ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕೂ ಮೇಲೆ ಲ್ಯಾಕರ್. ಇವೆಲ್ಲ ಸೇರಿ ಸುಮಾರು 100 ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ತಲೆಗೂದಲಿಗಿಂತ ತುಸು ದಪ್ಪವೆನ್ನಬಹುದು. ಅದರಲ್ಲಿ ಲ್ಯಾಕರಿನ ಪಾಲು 30ರಿಂದ 50 ಮೈಕ್ರೋಮೀಟರ್. ಅಳೆಯುವ ಉಪಕರಣವಿಲ್ಲದವರು ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಲಿ. ಉಗುರು ಸಿಕ್ಕದಿದ್ದರೆ ಗೀರು ಲ್ಯಾಕರಿನೊಳಗೇ ಇದೆ. ಸಿಕ್ಕಿಕೊಂಡರೆ ಪ್ರಾಯಶಃ ಬಣ್ಣಕ್ಕೆ ಇಳಿದಿದೆ. ಗೀರಿನ ತಳದಲ್ಲಿ ಬೂದು ಇಲ್ಲವೆ ಬೇರೆ ಬಣ್ಣ ಕಂಡರೆ ಅದು ಪ್ರೈಮರ್. ಬೆಳ್ಳಿಯಂಥ ಹೊಳಪೋ ಕಂದು ಕಲೆಯೋ ಕಂಡರೆ ಲೋಹ.

ಲೋಹ ಕಾಣುವ ಗೀರು ಎಷ್ಟೇ ಸಣ್ಣದಾದರೂ ಅಲಕ್ಷಿಸತಕ್ಕದ್ದಲ್ಲ. ಲೋಹ ಕಾಣದ ಗೀರು ಎಷ್ಟೇ ಉದ್ದವಾದರೂ ಅವಸರವಿಲ್ಲ. ನಮ್ಮ ತರುಣರು ಮಾಡುವುದು ಇದಕ್ಕೆ ತಿರುಗುಮುರುಗು. ಪ್ಯಾನೆಲ್ಲಿನ ಮೇಲೆ ಎದ್ದು ಕಾಣುವ ಉದ್ದ ಗೀರಿಗೆ ಸಾಲ ಮಾಡಿಯಾದರೂ ಖರ್ಚು ಮಾಡುತ್ತಾರೆ. ಟ್ಯಾಂಕಿನ ಅಡಿಯಲ್ಲಿ ರಾಗಿಕಾಳಿನಷ್ಟು ಬಣ್ಣ ಹಾರಿದ್ದನ್ನು ನೋಡುವುದೇ ಇಲ್ಲ. ಬಣ್ಣವೆಂಬುದು ಶೃಂಗಾರಕ್ಕೆ ಮೊದಲು ರಕ್ಷಣೆ. ಉಕ್ಕು ಗಾಳಿಗೂ ತೇವಕ್ಕೂ ಒಡ್ಡಿಕೊಂಡಲ್ಲಿ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ತೇವವಿದ್ದು ಆಮ್ಲಜನಕ ಕಡಮೆ ದೊರೆಯುವ ಭಾಗ, ಎಂದರೆ ಬಣ್ಣದ ಅಂಚಿನ ಅಡಿ, ಆನೋಡ್ ಆಗಿ ಕರಗುತ್ತದೆ. ಹುಟ್ಟಿದ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಬೇಡುವುದರಿಂದ ಪಕ್ಕದ ಗಟ್ಟಿ ಬಣ್ಣವನ್ನೂ ಮೇಲಕ್ಕೆ ಎಬ್ಬುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ, ಗದ್ದೆಯ ಬದುವಿನಲ್ಲಿ ರಾತ್ರಿಯೆಲ್ಲ ಇಬ್ಬನಿಗೆ ನಿಲ್ಲುವ ಬೈಕುಗಳಿಗೆ ಇದು ಬೇಗ ತಗಲುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ತಂದೆಯವರಲ್ಲಿ ಒಂದು ಹಳೆಯ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯದ ಪರವಾನಗಿಯ ಮೇಲೆ ಜಾವಾ ಬೈಕುಗಳನ್ನು ಮಾಡತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಮುಚ್ಚಿಹೋದುದು ಹಿರಿಯ ಓದುಗರಿಗೆ ನೆನಪಿದ್ದೀತು. ಅವುಗಳ ಟ್ಯಾಂಕು, ಮಡ್‌ಗಾರ್ಡು, ಪೆಟ್ಟಿಗೆ ಎಲ್ಲವೂ ಉಕ್ಕಿನ ತಗಡು. ಪದವಿ ತರಗತಿಯಲ್ಲಿದ್ದಾಗ ಆ ಟ್ಯಾಂಕಿನ ತುಕ್ಕಿಗೆ ನಾವು ಮಾಡಿದ ಚಿಕಿತ್ಸೆಯನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಗೇಟಿಗೆ ಉಜ್ಜುವ ಒರಟು ಕಾಗದದಿಂದ ಒಣದಾಗಿಯೇ ಉಜ್ಜಿದೆವು. ತುಕ್ಕು ಅರ್ಧ ಉಳಿದಿರುವಾಗಲೇ, ಪ್ರೈಮರ್ ಇಲ್ಲದೆ, ಡಬ್ಬಿಯ ಸ್ಪ್ರೇ ಬಣ್ಣವನ್ನು ಹೊಡೆದೆವು. ಅಂದು ಸಂಜೆ ಬಹಳ ಚೆನ್ನಾಗಿಯೇ ಕಂಡಿತು. ಮೊದಲನೆಯ ಸಲ ಪೆಟ್ರೋಲ್ ಹಾಕಿಸಿದಾಗ ಚೆಲ್ಲಿದ ನಾಲ್ಕು ಹನಿಗಳು ಹರಿದ ದಾರಿಯಲ್ಲೆಲ್ಲ ಬಣ್ಣ ಕಾಡಿಗೆಯಂತೆ ಕರಗಿ ಬಂದಿತು. ಉಳಿದದ್ದು ಮುಂಗಾರಿನಲ್ಲಿ ಗುಳ್ಳೆಯೆದ್ದಿತು. ತಂದೆಯವರು ಏನೂ ಅನ್ನಲಿಲ್ಲ. ಟ್ಯಾಂಕಿನ ಮೇಲೆ ಒಂದು ಹಳೆಯ ಟವೆಲನ್ನು ಹೊದಿಸಿ ಎರಡು ವರ್ಷ ಓಡಿಸಿದರು.

ಈ ಸೋಲಿನ ಕಾರಣ ಸರಳವಾದುದು. ಡಬ್ಬಿಯ ಸಾಮಾನ್ಯ ಬಣ್ಣ ದ್ರಾವಕ ಆರಿಹೋಗುವುದರಿಂದಲೇ ಒಣಗುವಂಥದು. ತಕ್ಕ ದ್ರಾವಕ ಮತ್ತೆ ಬಿದ್ದರೆ ಮತ್ತೆ ಕರಗುತ್ತದೆ. ಕಾರ್ಖಾನೆಯ ಲೇಪವಾದರೋ ರಾಸಾಯನಿಕ ಕ್ರಿಯೆಯಿಂದ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾದದ್ದು. ಗಟ್ಟಿಕಾರಕವನ್ನು ಬೆರೆಸಿ ಹೊಡೆಯುವ ಎರಡು ಭಾಗಗಳ ಬಣ್ಣವೂ ಹೀಗೆಯೇ. ಪೆಟ್ರೋಲ್ ಹಾಕುವ ಬಾಯಿಯ ಸುತ್ತಲಿನ ಕೆಲಸಕ್ಕೆ ಈ ಬಣ್ಣವೇ ಆಗಬೇಕು; ಅದನ್ನು ಮನೆಯಲ್ಲಿ ಹೊಡೆಯಕೂಡದು ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಲ್ಯಾಕರಿನೊಳಗಿನ ಗೀರಿಗೆ ಬೇಕಾದುದು ಉಜ್ಜುವ ವಿದ್ಯೆ. ಪೇಂಟರುಗಳು ವಾಟರ್ ಪೇಪರ್ ಎನ್ನುವ, ನೀರಿನಲ್ಲಿ ನೆನೆಸಿ ಉಜ್ಜುವ ಕಾಗದಗಳಿಗೆ ಅಂಕಿಗಳಿರುತ್ತವೆ. 400ರ ಕಾಗದದ ಕಣ ಸರಾಸರಿ 35 ಮೈಕ್ರೋಮೀಟರ್, 1000ದ್ದು 18, 2000ದ್ದು 10. ಪ್ರತಿಯೊಂದು ಕಾಗದವೂ ಹಿಂದಿನದರ ಗೀರನ್ನು ಅಳಿಸಿ ತನ್ನ ಗೀರನ್ನು ಬಿಟ್ಟುಹೋಗುತ್ತದೆ. ಎಂದರೆ ಪಾಲಿಶ್ ಮಾಡುವುದು ಗೀರನ್ನು ತೆಗೆಯುವ ಕೆಲಸವಲ್ಲ. ದೊಡ್ಡ ಗೀರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿ ಮಾರ್ಪಡಿಸುವ ಕೆಲಸ. ಎಷ್ಟು ಸಣ್ಣದಾದರೆ ಕಾಣದು? ರೇಲಿಯವರ ನಿಯಮದಂತೆ ಏರುತಗ್ಗುಗಳು ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಪಾಲಿಗಿಂತ ಕಡಮೆಯಾದರೆ ಮೇಲ್ಮೈ ಕನ್ನಡಿಯಂತೆ ವರ್ತಿಸುತ್ತದೆ. ಹಸುರು ಬೆಳಕಿಗೆ ಇದು ಸುಮಾರು 70 ನ್ಯಾನೋಮೀಟರ್. ಓರೆಯಾಗಿ ನೋಡಿದರೆ ಈ ಮಿತಿ ಸಡಿಲವಾಗುತ್ತದೆ. ಲಂಬದಿಂದ 85 ಡಿಗ್ರಿ ವಾಲಿದಾಗ 800 ನ್ಯಾನೋಮೀಟರಿನವರೆಗೂ ನಡೆಯುತ್ತದೆ. 2000ರ ಕಾಗದದಿಂದ ಉಜ್ಜಿ ಮಂಕಾದ ಪ್ಯಾನೆಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕಿಟಕಿಯ ಕಡೆಗೆ ನೋಡಿರಿ. ಎದುರಿನಿಂದ ಬೂದಿ ಬಳಿದಂತಿದ್ದ ಅದೇ ಪ್ಯಾನೆಲ್ಲಿನಲ್ಲಿ ಕಿಟಕಿಯ ಸರಳುಗಳು ಮೂಡುತ್ತವೆ. ಇದನ್ನು ಕಂಡಮೇಲೆ ಸೂತ್ರವನ್ನು ಉರುಹೊಡೆಯುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಉಳಿಯಲಿಲ್ಲ.

ಕೆ.ಆರ್. ಪೇಟೆಯ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋದವರು ನವರಂಗದ ಕಡೆದ ಕಂಬಗಳ ಹೊಳಪನ್ನು ನೋಡಿರಬಹುದು. ಹದಿಮೂರನೆಯ ಶತಮಾನದ ಬಳಪದ ಕಲ್ಲು. ಮಿದುವಾದ ಕಲ್ಲಿನಿಂದ ಆ ನುಣುಪು ಬರಬೇಕಾದರೂ, ನಾಗಮಂಗಲದ ಲೋಹಶಿಲ್ಪಿಗಳು ಎರಕದ ವಿಗ್ರಹದ ಒರಟನ್ನು ತೆಗೆದು ಹೊಳಪು ತರಬೇಕಾದರೂ ನಿಯಮವೊಂದೇ: ಒರಟಿನಿಂದ ನುಣುಪಿಗೆ, ನಡುವಣ ಮೆಟ್ಟಿಲನ್ನು ಹಾರದೆ. ನಮ್ಮ ಹುಡುಗರು ಹಾರುವುದು ಆ ಮೆಟ್ಟಿಲನ್ನೇ. 400ರಿಂದ ಒಮ್ಮೆಲೇ ಪಾಲಿಶಿಗೆ ಬಂದು, ಮಂಕು ಹೋಗಲಿಲ್ಲವೆಂದು ಅಂಗಡಿಯವನನ್ನು ಬಯ್ಯುತ್ತಾರೆ.

ಮೇಲುಮೇಲಿನ ಗೀರಿಗೆ 2000ರ ಕಾಗದ, ಸೋಪು ಬೆರೆಸಿದ ನೀರು, ಅದರ ಮೇಲೆ ರಬ್ಬಿಂಗ್ ಕಾಂಪೌಂಡ್, ಹಳೆಯ ಹತ್ತಿಬಟ್ಟೆ ಇಷ್ಟು ಸಾಕು. ನಮ್ಮ ವಿದ್ಯಾರ್ಥಿಗೆ ಇವೆಲ್ಲ ಸೇರಿ 300 ರೂಪಾಯಿಯೊಳಗೆ ಬಂದವು. ಗೆರೆಯಿರುವಷ್ಟೇ ಜಾಗವನ್ನು ಉಜ್ಜಬೇಕು. ಹತ್ತು ಹನ್ನೆರಡು ಎಳೆತಕ್ಕೊಮ್ಮೆ ಒರೆಸಿ ನೋಡಬೇಕು. ಅಂಚುಗಳಲ್ಲಿ ಲೇಪ ತೆಳುವಾಗಿರುವುದರಿಂದ ಅಲ್ಲಿ ಉಜ್ಜಲೇಬಾರದು. ಲ್ಯಾಕರ್ 40 ಮೈಕ್ರೋಮೀಟರಿನ ಇಡುಗಂಟು. ಪ್ರತಿ ಸಲದ ಉಜ್ಜಾಟವೂ ಅದರಿಂದ ತೆಗೆದ ಹಣ, ಮತ್ತೆ ತುಂಬುವವರಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಆ ಪದರವೇ. ತಿಂಗಳಿಗೊಮ್ಮೆ ಯಂತ್ರದಿಂದ ಪಾಲಿಶ್ ಮಾಡಿಸಿಕೊಳ್ಳುವ ಚಟ ಇತ್ತೀಚೆಗೆ ಪಟ್ಟಣಗಳಲ್ಲಿ ಕಾಣುತ್ತಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಬಟ್ಟೆಯನ್ನು ಬಿಳುಪಾಗಿಸಲು ಹರಿಯುವ ತನಕ ಒಗೆಯುವ ಕೆಲಸ.

ಗೀರು ಬೀಳದಂತೆ ನೋಡಿಕೊಳ್ಳುವುದರ ಬಗೆಗೂ ಒಂದು ಮಾತು. ನಾಗಮಂಗಲದ ಕಡೆಯ ಕೆಮ್ಮಣ್ಣಿನ ದೂಳನ್ನು ಒಣಬಟ್ಟೆಯಿಂದ ಝಾಡಿಸಿ ಒರೆಸುವವರೇ ಹೆಚ್ಚು. ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅದರ ಗಡಸುತನ ಗಾಜಿಗಿಂತಲೂ ಮಿಗಿಲು. ಒಣಬಟ್ಟೆ ಆ ಕ್ಷಣದಿಂದ ಉಪ್ಪುಕಾಗದ! ಬೀದಿದೀಪದ ಪ್ರತಿಬಿಂಬದ ಸುತ್ತ ಟ್ಯಾಂಕಿನ ಮೇಲೆ ಜೇಡರಬಲೆಯಂತೆ ಉಂಗುರುಂಗುರವಾಗಿ ಕಾಣುವ ಗೆರೆಗಳು ಹೀಗೆ ಹುಟ್ಟಿದವು. ಗೆರೆಗಳು ವಾಸ್ತವವಾಗಿ ಎಲ್ಲ ದಿಕ್ಕಿಗೂ ಇವೆ. ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸಬಲ್ಲವು ಮಾತ್ರ ಮಿನುಗುವುದರಿಂದ ಉಂಗುರದ ಭ್ರಮೆ. ಹಳೆಯ ಸ್ಟೀಲ್ ತಟ್ಟೆಯಲ್ಲಿಯೂ ಇದನ್ನು ನೋಡಬಹುದು. ಮೊದಲು ನೀರು ಸುರಿದು ದೂಳನ್ನು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಬೇಕು. ಕಬ್ಬಿನ ಸೋಗೆಯ ಅಂಚಿನಲ್ಲಿಯೂ ಸಿಲಿಕ ಸೇರಿ ಗಟ್ಟಿಯಾದ ಗರಗಸದ ಹಲ್ಲುಗಳಿವೆ; ಕಬ್ಬು ಕಡಿಯುವವರ ಕೈಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ಭಾಗಗಳ ವಿಚಾರ ಬೇರೆ. ಅವು ತುಕ್ಕು ಹಿಡಿಯವು. ಆದುದರಿಂದ ಪ್ಯಾನೆಲ್ಲಿನ ಆಳವಾದ ಗೀರನ್ನು ಸುಮ್ಮನೆ ಬಿಟ್ಟುಬಿಡುವುದು ಒಂದು ಗೌರವವಾದ ನಿರ್ಧಾರವೆಂದೇ ನಾವು ಹೇಳುತ್ತೇವೆ. ಬಣ್ಣ ಮುಟ್ಟಿಸಲೇಬೇಕೆಂದರೆ ಒಳಮೈಯಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ಓದಬೇಕು. ಎ.ಬಿ.ಎಸ್. ಎಂದಿದ್ದರೆ ಬಣ್ಣ ಹಿಡಿಯುತ್ತದೆ, ಆದರೆ ಕಟುವಾದ ಥಿನ್ನರ್ ತಗಲಿದರೆ ಪ್ಯಾನೆಲ್ಲೇ ಕರಗುತ್ತದೆ. ಪಿ.ಪಿ. ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ನೀರಿನ ಹನಿ ಅದರ ಮೇಲೆ ಹರಡದೆ ಕೆಸುವಿನೆಲೆಯ ಹನಿಯಂತೆ ದುಂಡಗೆ ನಿಲ್ಲಲೆಳಸುತ್ತದೆ, ಬಣ್ಣವೂ ಹಾಗೆಯೇ ಹಿಡಿಯಲೊಲ್ಲದು. ಅದಕ್ಕೆ ಬೇರೆ ಪ್ರೈಮರ್ ಬೇಕು. ಮಿನುಗುವ ಲೋಹಬಣ್ಣವಾದರೆ ಕುಂಚದಿಂದ ಹಚ್ಚಿದ ತೇಪೆ ಎಂದೂ ಹೊಂದಿಕೊಳ್ಳುವುದಿಲ್ಲ, ಅದರೊಳಗಿನ ಅಲ್ಯೂಮಿನಿಯಮ್ ಹರಕುಗಳು ಮಲಗುವ ರೀತಿಯೇ ಬೇರೆಯಾಗುತ್ತದೆ.

ಇನ್ನು ನಾವು ಬಿಡದೆ ಹೇಳಬೇಕಾದ ವಿಷಯ. ನಾಗಮಂಗಲದ ರಸ್ತೆಯ ತಗಡಿನ ಕೊಟ್ಟಿಗೆಯೊಂದರಲ್ಲಿ ಕೆಲಸ ಮಾಡುವ ಪೇಂಟರ್ ಒಬ್ಬರು ನಮಗೆ ಪರಿಚಿತರು. ಬಣ್ಣ ಕೂಡಿಸುವುದರಲ್ಲಿ ಅವರ ಕಣ್ಣು ನಮ್ಮ ಪ್ರಯೋಗಶಾಲೆಯ ರೋಹಿತದರ್ಶಕಕ್ಕೆ ಸಮ. ಮೂಗಿಗೆ ಕರವಸ್ತ್ರವನ್ನು ಕಟ್ಟಿಕೊಂಡು ಎರಡು ಭಾಗಗಳ ಬಣ್ಣವನ್ನು ಗಾಳಿಯಂತ್ರದಿಂದ ಹೊಡೆಯುತ್ತಾರೆ. “ರಾತ್ರಿ ಹೊತ್ತು ಎದೆ ಕಟ್ಟಿದಂಗಾಯ್ತದೆ ಮೇಷ್ಟ್ರೇ, ಬೆಳಿಗ್ಗೆ ಸರಿಹೋಯ್ತದೆ” ಎಂದರು. ಆ ಬಣ್ಣದ ಗಟ್ಟಿಕಾರಕಗಳಲ್ಲಿ ಸಾಮಾನ್ಯವಾಗಿ ಐಸೋಸೈಯನೇಟ್ ಎಂಬ ವರ್ಗದ ವಸ್ತುಗಳಿರುತ್ತವೆ. ಉಬ್ಬಸವನ್ನು ತರುವ ವಸ್ತುಗಳಲ್ಲಿ ಇವು ಪ್ರಸಿದ್ಧವಾದವು. ಒಮ್ಮೆ ಶರೀರ ಅದಕ್ಕೆ ಸೂಕ್ಷ್ಮವಾಯಿತೆಂದರೆ ಅನಂತರ ಲೇಶಮಾತ್ರವೂ ಉಸಿರು ಕಟ್ಟಿಸಬಲ್ಲದು. ವಾಸನೆಯನ್ನು ನಂಬುವಂತಿಲ್ಲ, ಮೂಗಿಗೆ ತಿಳಿಯುವ ಮೊದಲೇ ಅಪಾಯದ ಮಟ್ಟವನ್ನು ಮೀರಿರುತ್ತದೆ. ಕರವಸ್ತ್ರ ಆವಿಯನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತಂದುಕೊಡುವ ಮುಖವಾಡವೇ ಇದಕ್ಕೆ ತಕ್ಕುದು. 6,500 ರೂಪಾಯಿ ಹೆಚ್ಚೆಂದು ನಾವು ಗೊಣಗುವಾಗ ಅದರಲ್ಲಿ ಆ ಮುಖವಾಡದ ಬೆಲೆ ಸೇರಿಲ್ಲವೆಂಬುದನ್ನು ಮರೆಯುತ್ತೇವೆ. ಅಗ್ಗದ ಕೆಲಸವನ್ನು ಬೇಡುವ ಗಿರಾಕಿಗಳಾದ ನಮಗೂ ಆ ಕೆಮ್ಮಿನಲ್ಲಿ ಪಾಲುಂಟು. ನಮ್ಮ ತಾಲ್ಲೂಕುಗಳ ಕಾಲೇಜುಗಳ ರಸಾಯನ ವಿಭಾಗದವರು ಒಂದು ಶನಿವಾರ ಈ ಪೇಂಟರುಗಳನ್ನು ಕರೆದು ಕುಳ್ಳಿರಿಸಿ ಇದನ್ನು ತಿಳಿಸಬಾರದೇಕೆ? ಪ್ರತಿಯಾಗಿ ಅವರು ನಮ್ಮ ಹುಡುಗರಿಗೆ ಕಾಗದ ಹಿಡಿಯುವ ಬಗೆಯನ್ನು ಕಲಿಸಲಿ. ನಾವು ಕೇಳಿದಾಗ ಒಪ್ಪಿದವರು ಅವರೇ. ವೇಳಾಪಟ್ಟಿಯಲ್ಲಿ ಜಾಗವಿಲ್ಲವೆಂದವರು ನಮ್ಮ ಕಡೆಯವರು.

ಮನೆಯಲ್ಲಿ ಕೆಲಸ ಮಾಡುವವರಿಗೂ ಎಚ್ಚರಿಕೆ ಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದ್ದರಿಂದ ಒಣದಾಗಿ ಉಜ್ಜಿ ದೂಳೆಬ್ಬಿಸಬಾರದು. ಭಾರತದಲ್ಲಿ ಸೀಸವನ್ನು ಮಿತಿಗೊಳಿಸಿದ 2016ರ ನಿಯಮ ಮನೆಯ ಬಣ್ಣಗಳಿಗೆ ಸಂಬಂಧಿಸಿದ್ದು. ವಾಹನದ ಬಣ್ಣಕ್ಕೂ ಅದು ಅನ್ವಯಿಸುವುದೆಂದು ತಿಳಿಯಬಾರದು. ಪೆಟ್ರೋಲ್ ಬರಿದಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ, ಅದರ ತುಂಬ ಇರುವುದು ಆವಿ ಮತ್ತು ಗಾಳಿಯ ಮಿಶ್ರಣ. ಅದರ ಬಳಿ ಬೆಂಕಿ ಸುಳಿಯಕೂಡದು.

ಹುಡುಗನ ಬೈಕಿನ ಕಥೆ ಹೀಗಾಯಿತು. ಟ್ಯಾಂಕಿನ ತೆಳುಗೀರುಗಳು ಒಂದು ಭಾನುವಾರದ ಉಜ್ಜುವಿಕೆಗೆ ಹೋದವು. ಟ್ಯಾಂಕಿನ ಕೆಳಬದಿಯಲ್ಲಿ, ಪೆಟ್ರೋಲ್ ಹರಿಯದ ಕಡೆ, ಒಂದು ಅಂಗುಲದಷ್ಟು ಲೋಹ ಕಾಣುತ್ತಿತ್ತು. ಅದನ್ನು 400ರ ಕಾಗದದಿಂದ ತುಕ್ಕು ಉಳಿಯದಂತೆ ಉಜ್ಜಿ, ಒಣಗಿಸಿ, ಥಿನ್ನರಿನ ಬಟ್ಟೆಯಿಂದ ಎಣ್ಣೆಯ ಜಿಡ್ಡನ್ನು ತೆಗೆದು, ಪ್ರೈಮರನ್ನೂ ಕಪ್ಪು ಬಣ್ಣವನ್ನೂ ಬೆಂಕಿಕಡ್ಡಿಯ ತುದಿಯಿಂದ ತೆಳುವಾಗಿ ಎರಡೆರಡು ಸಲ ತುಂಬಿದನು. ಒಂದು ವಾರ ಆರಬಿಟ್ಟು 2000ರ ಕಾಗದದಿಂದ ಮಟ್ಟಮಾಡಿದನು. ಹತ್ತಿರ ಹೋಗಿ ಹುಡುಕಿದರೆ ಕಾಣುತ್ತದೆ. ಪ್ಯಾನೆಲ್ಲಿನ ಉದ್ದ ಗೀರನ್ನು ಹಾಗೆಯೇ ಬಿಟ್ಟಿದ್ದಾನೆ. ಅವನ ತಂದೆಗೆ ಅದು ಮೊದಲ ದಿನವೇ ಕಂಡಿತ್ತಂತೆ.

ಬಣ್ಣ ತುಂಬುವ ಕೆಲಸಕ್ಕೆ ಕೈಹಾಕುವವರು ಮಳೆಗಾಲವನ್ನು ಬಿಟ್ಟು, ಸಂಕ್ರಾಂತಿಯ ಅನಂತರದ ಒಣದಿನಗಳನ್ನು ಆರಿಸಿಕೊಳ್ಳಲಿ. ಥಿನ್ನರ್ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತೇವದ ಗಾಳಿಯಲ್ಲಿ ಅದು ಇಬ್ಬನಿಬಿಂದುವಿಗಿಂತ ಕೆಳಗಿಳಿದರೆ ಹಸಿಬಣ್ಣದ ಮೇಲೆಯೇ ನೀರು ಸಾಂದ್ರವಾಗಿ ಹಾಲಿನ ಮಬ್ಬು ಕವಿಯುತ್ತದೆ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಹತ್ತು ಗಂಟೆಯಿಂದ ಮೂರರೊಳಗೆ, ನೆರಳಿನಲ್ಲಿ ಮಾಡಿದರೆ ಸರಿ.